ಮಕ್ಕಳ ಕೈಯ ಚೆಂಡು ಮತ್ತು ಹಿರಿಯರ ಕೂಗು

ಪರೀಕ್ಷೆಯ ಅಂಕಗಳ ಕುರಿತು ಎಷ್ಟು ಮಾತನಾಡಿದರೂ ಮುಗಿಯದ ನಮ್ಮ ಮನೆಗಳಲ್ಲಿ ಮಕ್ಕಳ ಆಟದ ಕುರಿತು ಗಂಭೀರವಾಗಿ ಮಾತನಾಡುವ ರೂಢಿ ಇನ್ನೂ ಬೆಳೆದಿಲ್ಲ. ಆಡಿ ಬರಲಿ, ಹೊಟ್ಟೆ ಹಸಿಯಲಿ, ರಾತ್ರಿ ಚೆನ್ನಾಗಿ ನಿದ್ದೆ ಹತ್ತಲಿ ಎಂಬಲ್ಲಿಗೆ ನಮ್ಮ ವಿಚಾರ ನಿಲ್ಲುತ್ತದೆ. ಆದರೆ ಆಟದ ಅಂಗಳದಲ್ಲಿ ಮಗುವಿನ ಮನಸ್ಸಿಗೆ ಆಗುವ ಪೆಟ್ಟು ಪರೀಕ್ಷೆಯಲ್ಲಿ ನಪಾಸಾದ ಪೆಟ್ಟಿಗಿಂತ ಕಡಿಮೆಯದೇನಲ್ಲ. ಪರೀಕ್ಷೆಯ ತಪ್ಪು ಉತ್ತರಪತ್ರಿಕೆಯೊಳಗೆ ಮುಚ್ಚಿಕೊಂಡಿರುತ್ತದೆ; ಆಟದ ತಪ್ಪು ಇನ್ನೂರು ಜನರ ಕಣ್ಣ ಮುಂದೆ ನಡೆಯುತ್ತದೆ. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಅಂಥ ಒಂದು ತಪ್ಪಿಗೆ ಟರ್ನೋವರ್ ಎಂದು ಹೆಸರು. ಈ ಒಂದು ಸಣ್ಣ ಸಂಗತಿಯನ್ನೇ ಎತ್ತಿಕೊಂಡು ಓದುಗ ಬಂಧುಗಳ ಮುಂದಿಡಬಯಸುತ್ತೇವೆ. ಅದಕ್ಕೆ ಕಾರಣವಾದದ್ದು ನಮ್ಮ ಮನೆಯಲ್ಲಿಯೇ ನಡೆದ ಪ್ರಸಂಗ.

ಎರಡು ವರ್ಷಗಳ ಹಿಂದಿನ ಮಾತು. ನಮ್ಮ ಅಣ್ಣನವರ ಮಗಳು ಧಾರವಾಡದ ಒಂದು ಶಾಲೆಯಲ್ಲಿ ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಚೆಂಡನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಒಯ್ಯುವ ಹೊಣೆ ಅವಳದು. ಇಂಥ ಆಟಗಾರರನ್ನು ಪಾಯಿಂಟ್ ಗಾರ್ಡ್ ಎನ್ನುತ್ತಾರೆ. ಅಂತರಶಾಲಾ ಪಂದ್ಯವೊಂದಕ್ಕೆ ಅಣ್ಣ, ಅತ್ತಿಗೆ, ನಮ್ಮ ತಾಯಿಯವರು ಮತ್ತು ನಾವು ಹೋಗಿ ಕಟ್ಟೆಯ ಮೇಲೆ ಕುಳಿತೆವು. ಮೊದಲರ್ಧದಲ್ಲಿ ಹುಡುಗಿ ಚೆನ್ನಾಗಿಯೇ ಆಡಿದಳು. ಮೂರನೆಯ ಭಾಗ ಆರಂಭವಾಗುತ್ತಲೇ ಎದುರಾಳಿಗಳು ಪೂರ್ಣ ಅಂಗಳದ ಪ್ರೆಸ್ ಹಾಕಿದರು. ಎಂದರೆ, ತಮ್ಮ ಬುಟ್ಟಿಯ ಬಳಿ ಹೋಗಿ ಕಾಯುವ ಬದಲು ಚೆಂಡು ಒಳಗೆ ಬಂದ ಕ್ಷಣದಿಂದಲೇ ಬೆನ್ನುಹತ್ತಿದರು. ನಮ್ಮ ಹುಡುಗಿ ಬಲಗಡೆಯ ಮೂಲೆಗೆ ಸಿಕ್ಕಿಬಿದ್ದಳು, ಇಬ್ಬರು ಮೇಲೆ ಬಂದರು, ಚೆಂಡು ಹೋಯಿತು. ಮತ್ತೆ ಅದೇ ಮೂಲೆ, ಮತ್ತೆ ಅದೇ ಇಬ್ಬರು.

ಕಟ್ಟೆಯ ಮೇಲಿಂದ ಅಣ್ಣನವರು "ಪಾಸ್ ಕೊಡು" ಎಂದು ಕೂಗಿದರು. ಅತ್ತಿಗೆಯವರು "ಓಡು, ಓಡು" ಎಂದರು. ನಾವೂ ಸುಮ್ಮನಿರಲಿಲ್ಲ, "ಮ್ಯಾಲೆ ನೋಡು" ಎಂದು ಗಂಟಲು ಹರಿದುಕೊಂಡೆವು. ಒಂದೇ ಕ್ಷಣಕ್ಕೆ ಮೂರು ಆಜ್ಞೆಗಳು. ತರಬೇತುದಾರರು ಅವಳನ್ನು ಹೊರಗೆ ಕರೆದು, ಎಲ್ಲರಿಗೂ ಕೇಳುವಂತೆ, "ಏಳು ಸಲ ಚೆಂಡು ಕಳೆದಿದ್ದೀ, ಧೈರ್ಯ ಇಲ್ಲದವರು ಯಾಕೆ ಆಡಬೇಕು" ಎಂದರು. ಮರಳಿ ಬರುವಾಗ ಗಾಡಿಯಲ್ಲಿ ಯಾರೂ ಮಾತನಾಡಲಿಲ್ಲ. ನಮ್ಮ ತಾಯಿಯವರು ಮಾತ್ರ "ಹಸಿವ್ಯಾಗೇತೇನ ಯವ್ವಾ?" ಎಂದು ಕೇಳಿದರು.

ಮುಂದಿನ ವಾರ ಹೊಟ್ಟೆನೋವು. ಅದರ ಮುಂದಿನ ವಾರ ಮನೆಗೆಲಸ ಬಹಳ ಕೊಟ್ಟಿದ್ದಾರೆಂಬ ನೆಪ. ತಿಂಗಳೊಪ್ಪತ್ತಿನಲ್ಲಿ ಅವಳ ಬೂಟುಗಳು ಅಟ್ಟದ ಮೇಲೇರಿದವು. ಒಂದು ಸಂಜೆ ನಾವೇ ಮೆಲ್ಲಗೆ ವಿಚಾರಿಸಿದಾಗ ಅವಳು ಆಡಿದ ಮಾತು ನಮ್ಮನ್ನು ಬಹಳ ದಿನ ಕಾಡಿತು: "ಕಾಕಾ, ನೀವೆಲ್ಲಾರೂ ಒದರಾಕತ್ತಿದ್ರಿ. ನಾ ಯಾರ ಮಾತು ಕೇಳಬೇಕಿತ್ತು?"

ಉತ್ತರ ನಮ್ಮಲ್ಲಿರಲಿಲ್ಲ. ನಮ್ಮ ಓಣಿಯಲ್ಲಿ ನಿವೃತ್ತರಾದ ದೈಹಿಕ ಶಿಕ್ಷಣದ ಮಾಸ್ತರರೊಬ್ಬರಿದ್ದಾರೆ. ಅಣ್ಣನವರು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದ ಆ ಪಂದ್ಯದ ಚಿತ್ರಣವನ್ನು ಅವರ ಮುಂದೆ ಇಟ್ಟೆವು. ಅವರು ಕನ್ನಡಕ ಏರಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ, ಎರಡು ಸಲ ನೋಡಿದರು. ಏಳಲ್ಲ, ಆರು ಸಲ ಚೆಂಡು ಹೋಗಿತ್ತು. ಆರರಲ್ಲಿ ನಾಲ್ಕು ಸಲ ಅವಳು ಮೂಲೆಯಲ್ಲಿ ಇಬ್ಬರ ನಡುವೆ ಸಿಕ್ಕಿದ್ದಾಗ ಉಳಿದ ನಾಲ್ವರೂ ಮುಂದಕ್ಕೆ ಓಡಿಹೋಗಿ ಅವಳಿಗೆ ಬೆನ್ನು ಮಾಡಿದ್ದರು. ಒಂದು ಸಲ ಪಾಸು ಸರಿಯಾಗಿಯೇ ಹೋಗಿತ್ತು, ತೆಗೆದುಕೊಳ್ಳಬೇಕಾದ ಹುಡುಗಿ ನಿಂತಲ್ಲಿಯೇ ನಿಂತಿದ್ದಳು. ಒಂದು ಸಲ ಮಾತ್ರ ನಮ್ಮ ಹುಡುಗಿ ತಲೆ ಕೆಳಗೆ ಹಾಕಿ ಚೆಂಡು ಪುಟಿಸುತ್ತ ಎದುರಾಳಿಯ ಕೈಗೇ ಹೋಗಿ ಬಿದ್ದಿದ್ದಳು. ಮಾಸ್ತರರು ಮೊಬೈಲು ಕೆಳಗಿಟ್ಟು, "ಹುಡುಗಿ ತಪ್ಪು ಒಂದ ಐತ್ರಿ. ಉಳಿದದ್ದು ಕಲಿಸಿದವರದ್ದು" ಎಂದರು. ಮುಂದೆ ನಾವು ಬರೆಯುವುದರಲ್ಲಿ ಬಹುಪಾಲು ಆ ಮಾಸ್ತರರ ಜಗುಲಿಯ ಮೇಲೆ ಕುಳಿತು ಕಲಿತದ್ದು. ಉಳಿದದ್ದು ಓದಿ ತಿಳಿದುಕೊಂಡದ್ದು.

ಚೆಂಡು ಕೈತಪ್ಪುವುದೆಂದರೇನು?

ಬುಟ್ಟಿಗೆ ಎಸೆಯುವ ಅವಕಾಶವನ್ನೇ ಪಡೆಯದೆ ಚೆಂಡನ್ನು ಎದುರಾಳಿಗಳಿಗೆ ಒಪ್ಪಿಸಿಬಿಡುವುದೇ ಟರ್ನೋವರ್. ತಪ್ಪು ಪಾಸಿನಿಂದ, ಚೆಂಡು ಹಿಡಿದು ಹೆಚ್ಚು ಹೆಜ್ಜೆ ಇಡುವುದರಿಂದ, ಒಮ್ಮೆ ನಿಲ್ಲಿಸಿದ ಡ್ರಿಬಲ್ಲನ್ನು ಮತ್ತೆ ಆರಂಭಿಸುವುದರಿಂದ, ಗೆರೆ ದಾಟುವುದರಿಂದ, ಸಮಯ ಮೀರುವುದರಿಂದ ಇದು ಆಗುತ್ತದೆ. ಇದರಿಂದ ಎರಡು ಬಗೆಯ ನಷ್ಟ. ನಮ್ಮ ಅವಕಾಶ ಹೋಗುವುದು ಒಂದು. ನಮ್ಮವರೆಲ್ಲ ಮುಂದಕ್ಕೆ ಮುಖ ಮಾಡಿ ಓಡುತ್ತಿರುವಾಗ ಎದುರಾಳಿಗಳಿಗೆ ತೆರೆದ ಬುಟ್ಟಿ ಸಿಗುವುದು ಇನ್ನೊಂದು.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಈ ಆಟವನ್ನು ಹುಟ್ಟುಹಾಕಿದಾಗ ಬರೆದದ್ದು 13 ನಿಯಮಗಳನ್ನು. ಚೆಂಡು ಹಿಡಿದವನು ಓಡಕೂಡದು, ಹಿಡಿದ ಸ್ಥಳದಿಂದಲೇ ಎಸೆಯಬೇಕು ಎಂಬುದು ಅವುಗಳಲ್ಲೊಂದು. ಚೆಂಡು ಪುಟಿಸುತ್ತ ಸಾಗುವ ಡ್ರಿಬಲ್ ಆಮೇಲೆ ಬಂದದ್ದು. ಎಂದರೆ ಈ ಆಟದ ಮೂಲದಲ್ಲಿಯೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಚೆಂಡು ದಾಟಿಸುವ ನಂಬಿಕೆ ಇದೆ. ನಮ್ಮ ಶಾಲೆಗಳಲ್ಲಿ ಇಂದು ಮಕ್ಕಳು ಮೊದಲು ಕಲಿಯುವುದು ಡ್ರಿಬಲ್; ಪಾಸು ಕಲಿಯುವುದು ಕೊನೆಗೆ. ತೊಂದರೆಯ ಅರ್ಧ ಬೇರು ಇಲ್ಲಿಯೇ ಇದೆ ಎಂದು ನಮ್ಮ ಮಾಸ್ತರರ ಅಭಿಪ್ರಾಯ.

ಸಮಯದ ಬಿಗಿಯೂ ಹೆಚ್ಚಿದೆ. ಓದುಗರಲ್ಲಿ ಹಿಂದೆ ಕಾಲೇಜು ತಂಡಗಳಲ್ಲಿ ಆಡಿದವರಿದ್ದರೆ ಅವರಿಗೆ ನೆನಪಿರಬಹುದು: ಚೆಂಡನ್ನು ಮಧ್ಯರೇಖೆ ದಾಟಿಸಲು 10 ಸೆಕೆಂಡು, ಬುಟ್ಟಿಗೆ ಎಸೆಯಲು 30 ಸೆಕೆಂಡು ಇರುತ್ತಿತ್ತು. ಅಂತರರಾಷ್ಟ್ರೀಯ ಒಕ್ಕೂಟವು 2000ದಲ್ಲಿ ಇವನ್ನು 8 ಮತ್ತು 24 ಸೆಕೆಂಡುಗಳಿಗೆ ಇಳಿಸಿತು. ಹೊರಗಿನಿಂದ ಚೆಂಡನ್ನು ಒಳಗೆ ಕೊಡಲು 5 ಸೆಕೆಂಡು. ಅಂಗಳದ ಉದ್ದ 28 ಮೀಟರು, ಅಗಲ 15 ಮೀಟರು. ಹದಿಮೂರು ವರ್ಷದ ಹುಡುಗಿಯೊಬ್ಬಳು ಇಬ್ಬರು ಬೆನ್ನಟ್ಟುತ್ತಿರುವಾಗ 8 ಸೆಕೆಂಡುಗಳಲ್ಲಿ 14 ಮೀಟರು ದಾಟಬೇಕು. ಕಟ್ಟೆಯ ಮೇಲೆ ಕುಳಿತವರಿಗೆ ಇದು ಸುಲಭವಾಗಿ ತೋರುತ್ತದೆ.

ಇನ್ನೊಂದು ಮಾತು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ 1946ರಲ್ಲಿ ಹುಟ್ಟಿದರೂ ಪ್ರತಿ ಆಟಗಾರನ ಟರ್ನೋವರುಗಳನ್ನು ಲೆಕ್ಕ ಇಡಲು ಆರಂಭಿಸಿದ್ದು 1977–78ರಲ್ಲಿ. ಅಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ಲೆಬ್ರಾನ್ ಜೇಮ್ಸ್ ಅವರ ಹೆಸರಿನಲ್ಲಿಯೇ ಅತಿ ಹೆಚ್ಚು ಟರ್ನೋವರುಗಳ ದಾಖಲೆಯೂ ಇದೆ. ಯಾರ ಕೈಗೆ ತಂಡ ಚೆಂಡನ್ನು ಹೆಚ್ಚು ಕೊಡುತ್ತದೆಯೋ ಅವರ ಕೈಯಿಂದಲೇ ಅದು ಹೆಚ್ಚು ಜಾರುತ್ತದೆ. ನಮ್ಮ ಹುಡುಗಿಗೆ ಇದನ್ನು ಹೇಳಿದಾಗ ಅವಳು ಮೊದಲ ಸಲ ನಕ್ಕಳು.

ಗುರು ಅಪ್ಪಿಕೊಂಡ ಆಟಗಾರ

ಚೆಂಡು ಕೈತಪ್ಪಿದ ಕಥೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1982ರ ಮಾರ್ಚ್ 29ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ನಡೆಯಿತು. ವಿಶ್ವವಿದ್ಯಾಲಯಗಳ ರಾಷ್ಟ್ರೀಯ ಅಂತಿಮ ಪಂದ್ಯ. ಒಂದು ಕಡೆ ಡೀನ್ ಸ್ಮಿತ್ ಅವರ ತರಬೇತಿಯ ನಾರ್ತ್ ಕೆರೊಲಿನಾ, ಇನ್ನೊಂದು ಕಡೆ ಜಾನ್ ಥಾಂಪ್ಸನ್ ಅವರ ಜಾರ್ಜ್‌ಟೌನ್. ಇಬ್ಬರೂ ಆತ್ಮೀಯ ಗೆಳೆಯರು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡಕ್ಕೆ ಸ್ಮಿತ್ ಗುರುವಾಗಿದ್ದರೆ ಥಾಂಪ್ಸನ್ ಸಹಾಯಕರಾಗಿದ್ದರು. ಜಾರ್ಜ್‌ಟೌನ್ ತಂಡದ ಹೆಸರೇ ಒತ್ತಡ ಹಾಕುವುದರಲ್ಲಿ ಇತ್ತು. ಎದುರಾಳಿಗಳ ಉಸಿರು ಕಟ್ಟಿಸಿ ಚೆಂಡು ಕಸಿಯುವುದು ಅವರ ಕಸುಬು.

ಕೊನೆಯ 20 ಸೆಕೆಂಡುಗಳೊಳಗೆ ಮೈಕೆಲ್ ಜೋರ್ಡಾನ್ ಎಂಬ ಮೊದಲ ವರ್ಷದ ವಿದ್ಯಾರ್ಥಿ ಎಸೆದ ಚೆಂಡು ಬುಟ್ಟಿ ಸೇರಿ ನಾರ್ತ್ ಕೆರೊಲಿನಾ 63–62ರಿಂದ ಮುಂದಾಯಿತು. ಇನ್ನೂ ಸಮಯವಿತ್ತು. ಜಾರ್ಜ್‌ಟೌನಿನ ಫ್ರೆಡ್ ಬ್ರೌನ್ ಚೆಂಡು ತಂದ. ಬಲಗಡೆ ತನ್ನ ಗೆಳೆಯನಿದ್ದಾನೆಂದು ಭಾವಿಸಿ ಪಾಸು ಕೊಟ್ಟ. ಅಲ್ಲಿದ್ದವನು ಎದುರು ತಂಡದ ಜೇಮ್ಸ್ ವರ್ದಿ. ಅರವತ್ತೊಂದು ಸಾವಿರಕ್ಕೂ ಹೆಚ್ಚು ಜನರ ಕಣ್ಣೆದುರು ಚೆಂಡು ನೇರವಾಗಿ ಎದುರಾಳಿಯ ಎದೆಗೇ ಹೋಗಿತ್ತು. ಯಾರೂ ಕಸಿಯಲಿಲ್ಲ, ಯಾರೂ ತಳ್ಳಲಿಲ್ಲ. ಕಣ್ಣಂಚಿನಲ್ಲಿ ಕಂಡ ಒಂದು ಆಕೃತಿಯನ್ನು ಮನಸ್ಸು ತನಗೆ ಬೇಕಾದಂತೆ ಓದಿಕೊಂಡಿತು, ಅಷ್ಟೇ. ಒತ್ತಡದ ಗುಣವೇ ಅದು. ಕಣ್ಣು ತೆರೆದಿದ್ದರೂ ನೋಟ ಕಿರಿದಾಗುತ್ತದೆ.

ಪಂದ್ಯ ಮುಗಿದೊಡನೆ ಥಾಂಪ್ಸನ್ ಮಾಡಿದ್ದೇನು? ಆಜಾನುಬಾಹುವಾದ ಆ ಮನುಷ್ಯ ಎಲ್ಲರ ಎದುರಿನಲ್ಲಿ ಆ ಹುಡುಗನನ್ನು ಅಪ್ಪಿಕೊಂಡರು. ಆ ಚಿತ್ರ ಇಂದಿಗೂ ಅಲ್ಲಿನ ಕ್ರೀಡಾಭಿಮಾನಿಗಳ ನೆನಪಿನಲ್ಲಿದೆ. ಎರಡು ವರ್ಷಗಳ ನಂತರ, 1984ರಲ್ಲಿ, ಅದೇ ಜಾರ್ಜ್‌ಟೌನ್ ಹ್ಯೂಸ್ಟನ್ ತಂಡವನ್ನು 84–75ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಫ್ರೆಡ್ ಬ್ರೌನ್ ಆಗಲೂ ತಂಡದಲ್ಲಿದ್ದ. ಥಾಂಪ್ಸನ್ ಅವನನ್ನು ಮತ್ತೊಮ್ಮೆ ಅಪ್ಪಿಕೊಂಡರು. ಆ ಮಟ್ಟದ ಪ್ರಶಸ್ತಿ ಗೆದ್ದ ಮೊದಲ ಕಪ್ಪುವರ್ಣೀಯ ಮುಖ್ಯ ತರಬೇತುದಾರರು ಅವರೇ. ತಮ್ಮ ಕಚೇರಿಯಲ್ಲಿ ಗಾಳಿ ತೆಗೆದ ಒಂದು ಬ್ಯಾಸ್ಕೆಟ್‌ಬಾಲನ್ನು ಇಟ್ಟುಕೊಂಡಿದ್ದರು. ಚೆಂಡಿನ ಗಾಳಿ ಹೋದ ಮೇಲೂ ಬದುಕು ಇರುತ್ತದೆ ಎಂದು ಹುಡುಗರಿಗೆ ನೆನಪಿಸುವುದಕ್ಕಾಗಿ.

ಈ ಅಪ್ಪುಗೆಯನ್ನು ಬರೀ ಮೃದು ಮನಸ್ಸಿನ ಮಾತೆಂದು ತಿಳಿಯಬಾರದು. ಥಾಂಪ್ಸನ್ ಬಹಳ ಕಟ್ಟುನಿಟ್ಟಿನ ಗುರು; ಅವರ ಅಭ್ಯಾಸದ ಕಣದಲ್ಲಿ ಸಡಿಲಿಕೆಗೆ ಅವಕಾಶವಿರಲಿಲ್ಲ. ಅಭ್ಯಾಸದಲ್ಲಿ ಬಿಗಿ, ಪಂದ್ಯ ಸೋತ ಕ್ಷಣದಲ್ಲಿ ಆಸರೆ. ನಮ್ಮಲ್ಲಿ ಇದು ತಿರುಗುಮುರುಗಾಗಿದೆ. ಅಭ್ಯಾಸದ ದಿನ ಮಕ್ಕಳು ಸಾಲಾಗಿ ನಿಂತು ಯಾರೂ ಅಡ್ಡ ಬಾರದೆ ಬುಟ್ಟಿಗೆ ಎಸೆಯುತ್ತಾರೆ, ನಗುತ್ತಾರೆ, ಮನೆಗೆ ಹೋಗುತ್ತಾರೆ. ಪಂದ್ಯದ ದಿನ ತರಬೇತುದಾರರ ಕೂಗು, ತಂದೆತಾಯಿಗಳ ಕೂಗು, ಎದುರಾಳಿಗಳ ಪ್ರೆಸ್ಸು ಎಲ್ಲವೂ ಒಟ್ಟಿಗೆ ಬಂದೆರಗುತ್ತವೆ. ಒತ್ತಡವನ್ನು ಅಭ್ಯಾಸದಲ್ಲಿ ಕೊಡಬೇಕು, ಪಂದ್ಯದಲ್ಲಿ ತೆಗೆಯಬೇಕು. ಮಾಸ್ತರರ ಬೋಧನೆಯ ಸಾರ ಇಷ್ಟೇ.

ಅಭ್ಯಾಸದ ಅಂಗಳ

ಹಾಗಾದರೆ ಒತ್ತಡವನ್ನು ಅಭ್ಯಾಸಕ್ಕೆ ತರುವ ಬಗೆ ಹೇಗೆ? ಮೊದಲು ಚೆಂಡಿನ ಗಾತ್ರ ನೋಡಬೇಕು ಎಂದರು ಮಾಸ್ತರರು. ಗಂಡಸರ ಆಟಕ್ಕೆ 7ನೆಯ ಅಳತೆ, ಹೆಂಗಸರಿಗೆ 6, ಹನ್ನೆರಡರೊಳಗಿನ ಮಕ್ಕಳಿಗೆ 5 ಇರುತ್ತದೆ. ಶಾಲೆಯಲ್ಲಿ ವಿಚಾರಿಸಿದರೆ ಹುಡುಗಿಯರೂ ಹುಡುಗರ 7ನೆಯ ಅಳತೆಯ ಚೆಂಡಿನಲ್ಲೇ ಅಭ್ಯಾಸ ಮಾಡುತ್ತಿದ್ದರು; ಪಂದ್ಯಕ್ಕೆ ಹೋದಾಗ ಮಾತ್ರ 6 ಕೈಗೆ ಬರುತ್ತಿತ್ತು. ಬೆರಳಿಗೆ ಒಂದು ರೂಢಿ, ಪಂದ್ಯಕ್ಕೆ ಇನ್ನೊಂದು. ಎರಡು ಹೊಸ ಚೆಂಡುಗಳಿಂದ ತೀರುವ ಸಮಸ್ಯೆಯನ್ನು ಧೈರ್ಯದ ಕೊರತೆ ಎಂದು ಕರೆದಿದ್ದೆವು!

ಎರಡನೆಯದು, ನಿಲ್ಲುವುದನ್ನು ಕಲಿಯುವುದು. ಓಡಲು ಎಲ್ಲರಿಗೂ ಬರುತ್ತದೆ. ಓಡುತ್ತಿರುವಾಗ ಎರಡೂ ಪಾದಗಳನ್ನು ಒಟ್ಟಿಗೆ ಊರಿ, ಮೊಣಕಾಲು ಬಾಗಿಸಿ, ತೂಗಾಡದೆ ನಿಲ್ಲುವುದು ಬರುವುದಿಲ್ಲ. ಚೆಂಡನ್ನು ಎರಡೂ ಕೈಗಳಿಂದ ಗದ್ದದ ಕೆಳಗೆ ಬಿಗಿಯಾಗಿ ಹಿಡಿದು, ಮೊಣಕೈ ಹೊರಚಾಚಿ, ಒಂದು ಪಾದವನ್ನು ನೆಲಕ್ಕೆ ನೆಟ್ಟು ಇನ್ನೊಂದರಿಂದ ಸುತ್ತ ತಿರುಗುವ ಕ್ರಿಯೆಗೆ ಪಿವಟ್ ಎನ್ನುತ್ತಾರೆ. ಬೀಸುವ ಕಲ್ಲಿನ ಗೂಟದಂತೆ ಒಂದು ಕಾಲು ನಿಂತಿರಬೇಕು, ಉಳಿದ ದೇಹ ಸುತ್ತಬೇಕು. ಇಬ್ಬರು ಮುತ್ತಿದಾಗ ಹುಡುಗಿಯನ್ನು ಉಳಿಸುವುದು ವೇಗವಲ್ಲ, ಈ ಪಿವಟ್. ನಮ್ಮ ಮಾಸ್ತರರು ಅಂಗಳದಲ್ಲಿ ದಿನಕ್ಕೆ ಹತ್ತು ನಿಮಿಷ ಇದನ್ನೇ ಮಾಡಿಸಿದರು. ಮಕ್ಕಳಿಗೆ ಬೇಸರ ಬಂತು, ಬಿಡಲಿಲ್ಲ.

ಮೂರನೆಯದು ನಮಗೆ ಅತ್ಯಂತ ಹಿಡಿಸಿದ್ದು. ಅರ್ಧ ಅಂಗಳದಲ್ಲಿ ಮೂವರ ವಿರುದ್ಧ ಮೂವರು; ಡ್ರಿಬಲ್ ನಿಷಿದ್ಧ. ಚೆಂಡು ನೆಲಕ್ಕೆ ತಾಗಿಸಿದರೆ ಅದು ಎದುರಾಳಿಗಳಿಗೆ. ಆರಂಭದಲ್ಲಿ ಮಕ್ಕಳು ಕಟ್ಟಿಹಾಕಿದವರಂತೆ ನಿಂತುಬಿಟ್ಟರು. ನಾಲ್ಕೈದು ದಿನಗಳಲ್ಲಿ ಚೆಂಡಿಲ್ಲದವರು ತಾವಾಗಿಯೇ ಓಡಾಡಲು, ಕೈ ತೋರಿಸಲು, ಚೆಂಡಿನ ಕಡೆಗೆ ಎರಡು ಹೆಜ್ಜೆ ಮುಂದೆ ಬಂದು ತೆಗೆದುಕೊಳ್ಳಲು ಕಲಿತರು. ಪಾಸು ಹೋಗುವಾಗ ಸಿಗಬೇಕಾದವರು ನಿಂತಿದ್ದರೆ ಮಧ್ಯದಲ್ಲಿ ಎದುರಾಳಿ ನುಗ್ಗುತ್ತಾನೆ. ಪುಸ್ತಕದಲ್ಲಿ ತಪ್ಪು ಪಾಸು ಕೊಟ್ಟವನ ಹೆಸರಿಗೆ ಬರೆಯಲ್ಪಡುತ್ತದೆ. ಮನೆಯಲ್ಲಿ ಪಾತ್ರೆ ದಾಟಿಸುವಾಗ ತೆಗೆದುಕೊಳ್ಳುವವರು ಕೈ ಮುಂದೆ ಮಾಡದೆ ಹಾಲು ಚೆಲ್ಲಿದರೆ ಕೊಟ್ಟವರನ್ನು ಬೈಯುವ ಹಾಗೆ.

ಇದಾದ ಮೇಲೆ ಪೂರ್ಣ ಅಂಗಳ. ಐವರ ವಿರುದ್ಧ ಏಳು ಜನ! ಎದುರಾಳಿಗಳು ಯಾವಾಗಲೂ ಇಬ್ಬರು ಹೆಚ್ಚು. ಜೊತೆಗೆ ಒಬ್ಬರು ಗಟ್ಟಿಯಾಗಿ ಒಂದರಿಂದ ಎಂಟರವರೆಗೆ ಎಣಿಸುತ್ತಾರೆ. ಬೇಕೆಂದೇ ಡಬ್ಬ ಬಡಿಯುತ್ತಾರೆ. ಮಕ್ಕಳು ದಣಿದಿರುವಾಗಲೇ, ಅಭ್ಯಾಸದ ಕೊನೆಯಲ್ಲಿ ಇದನ್ನು ಮಾಡಿಸಬೇಕು. ಏಳು ಜನರ ನಡುವೆ ದಾರಿ ಕಂಡುಕೊಂಡವರಿಗೆ ಪಂದ್ಯದಲ್ಲಿ ಐವರೇ ಇದ್ದಾರೆಂದರೆ ಅಂಗಳ ವಿಶಾಲವಾಗಿ ತೋರುತ್ತದೆ. ಇದು ಕೇವಲ ಊಹೆಯಲ್ಲ. ನೆದರ್‌ಲೆಂಡ್ಸಿನ ಇಬ್ಬರು ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನುರಿತ ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಕೆಲವರಿಗೆ ಸ್ವಲ್ಪ ಆತಂಕ ಹುಟ್ಟಿಸಿ, ಉಳಿದವರಿಗೆ ನಿರಾಳವಾಗಿ ಫ್ರೀ ಥ್ರೋ ಅಭ್ಯಾಸ ಮಾಡಿಸಿದರು. ಆಮೇಲೆ ಒತ್ತಡದಲ್ಲಿ ಪರೀಕ್ಷಿಸಿದಾಗ ನಿರಾಳವಾಗಿ ಅಭ್ಯಾಸ ಮಾಡಿದವರ ಆಟ ಕುಸಿಯಿತು; ಆತಂಕದಲ್ಲಿ ಅಭ್ಯಾಸ ಮಾಡಿದವರದು ಕುಸಿಯಲಿಲ್ಲ. ಸ್ವಲ್ಪ ಆತಂಕ ಎಂಬುದನ್ನು ಗಮನಿಸಬೇಕು. ಅವಮಾನ ಮಾಡಿರೆಂದು ಅದರರ್ಥವಲ್ಲ.

ಪ್ರೆಸ್ ಒಡೆಯುವ ಕ್ರಮವನ್ನೂ ಇಲ್ಲಿ ಹೇಳಿಬಿಡಬೇಕು. ಚೆಂಡನ್ನು ಮೂಲೆಯಲ್ಲಿ ತೆಗೆದುಕೊಳ್ಳಬಾರದು. ಪಕ್ಕದ ಗೆರೆ, ಹಿಂದಿನ ಗೆರೆ ಇವೆರಡೂ ಎದುರಾಳಿಗಳ ಕಡೆಯ ಆಟಗಾರರೇ ಎಂದು ತಿಳಿಯಬೇಕು. ಅವು ದಣಿಯುವುದೂ ಇಲ್ಲ, ತಪ್ಪುವುದೂ ಇಲ್ಲ. ಮಧ್ಯರೇಖೆ ದಾಟಿದ ಕೂಡಲೇ ಬರುವ ಮೂಲೆಯೂ ಅಷ್ಟೇ ಅಪಾಯಕರ, ಏಕೆಂದರೆ ಅಲ್ಲಿಂದ ಹಿಂದಕ್ಕೆ ಕೊಡಲು ನಿಯಮ ಬಿಡುವುದಿಲ್ಲ. ಚೆಂಡು ಹಿಡಿದವರಿಗೆ ಯಾವಾಗಲೂ ಮೂರು ಬಾಗಿಲು ತೆರೆದಿರಬೇಕು: ಪಕ್ಕದ ಗೆರೆಯುದ್ದಕ್ಕೂ ಮುಂದೆ ಒಬ್ಬರು, ಅಂಗಳದ ನಡುಮಧ್ಯೆ ಒಬ್ಬರು, ಸ್ವಲ್ಪ ಹಿಂದೆ ಒಬ್ಬರು. ಐದನೆಯವರು ದೂರದ ಬುಟ್ಟಿಯ ಬಳಿ. ಮಧ್ಯರೇಖೆ ದಾಟುವ ಮೊದಲು ಹಿಂದಿನವರಿಗೆ ಕೊಟ್ಟ ಪಾಸು ಹೇಡಿತನವಲ್ಲ. ಅನೇಕ ಸಲ ಅದೇ ಅತ್ಯಂತ ಜಾಣ ಪಾಸು. ಇಬ್ಬರು ಒಬ್ಬಳನ್ನು ಮುತ್ತಿದರೆಂದರೆ ಉಳಿದ ಮೂವರು ನಮ್ಮ ನಾಲ್ವರನ್ನು ಕಾಯಬೇಕು, ಯಾರೋ ಒಬ್ಬರು ಖಾಲಿ ಇದ್ದೇ ಇರುತ್ತಾರೆ. ಆ ಒಬ್ಬರು ಬೆನ್ನು ತೋರಿಸಿ ಓಡುತ್ತಿರಬಾರದು.

ಮಾಸ್ತರರು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಇಡತೊಡಗಿದರು. ಅದರಲ್ಲಿ ಮಕ್ಕಳ ಹೆಸರಿರಲಿಲ್ಲ. ಮೂಲೆಗೆ ಸಿಕ್ಕದ್ದು, ತಲೆ ಕೆಳಗಿದ್ದದ್ದು, ಸಿಗುವವರು ನಿಂತಿದ್ದದ್ದು, ಹೆಜ್ಜೆ ತಪ್ಪಿದ್ದು, ಮೇಲೆ ತೇಲಿಸಿದ ಉದ್ದ ಪಾಸು ಎಂದು ಬರೀ ಕಾರಣಗಳ ಸಾಲುಗಳು. ವಾರದ ಕೊನೆಯಲ್ಲಿ ಯಾವ ಸಾಲು ಉದ್ದವಾಗಿದೆಯೋ ಮುಂದಿನ ವಾರ ಅದರ ಅಭ್ಯಾಸ.

ಬೆಂಚು ಮತ್ತು ಕಟ್ಟೆ

ಕಲಿಸುವವರ ನಾಲಿಗೆಯ ಕುರಿತು ಒಂದು ಮಾತು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಜಾನ್ ವುಡನ್ ಅವರು 1964ರಿಂದ 1975ರವರೆಗಿನ ಹನ್ನೆರಡು ವರ್ಷಗಳಲ್ಲಿ ಹತ್ತು ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟವರು. 1964ರ ಅವರ ತಂಡ ಎತ್ತರದಲ್ಲಿ ಸಾಧಾರಣವಾದದ್ದು. ಪೂರ್ಣ ಅಂಗಳದ ಪ್ರೆಸ್ಸಿನ ಬಲದಿಂದಲೇ ಆಡಿದ 30 ಪಂದ್ಯಗಳನ್ನೂ ಗೆದ್ದಿತು. ಎದುರಾಳಿಗಳನ್ನು ಅವಸರಕ್ಕೆ ನೂಕಿ ತಪ್ಪು ಮಾಡಿಸುವ ವಿದ್ಯೆ ಅವರಿಗೆ ಕರಗತ. ಆದರೆ ತಮ್ಮ ಹುಡುಗರಿಗೆ ಪ್ರತಿ ವರ್ಷ ಅವರು ಕಲಿಸುತ್ತಿದ್ದ ಮೊದಲ ಪಾಠ ಕಾಲುಚೀಲವನ್ನು ಸುಕ್ಕಿಲ್ಲದಂತೆ ಹಾಕಿಕೊಳ್ಳುವುದು! ಬೊಬ್ಬೆ ಎದ್ದ ಕಾಲು ಸರಿಯಾಗಿ ನಿಲ್ಲಲಾರದು.

1974–75ರಲ್ಲಿ ಗ್ಯಾಲಿಮೋರ್ ಮತ್ತು ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವುಡನ್ ಅವರ ಅಭ್ಯಾಸಗಳಿಗೆ ಹೋಗಿ ಕುಳಿತು ಅವರಾಡಿದ ಪ್ರತಿ ಮಾತನ್ನೂ ವಿಂಗಡಿಸಿ ಬರೆದುಕೊಂಡರು. ಒಟ್ಟು 2,326 ಬೋಧನೆಯ ಕ್ರಿಯೆಗಳು ದಾಖಲಾದವು. ಹೊಗಳಿಕೆ ಶೇಕಡಾ 7ರಷ್ಟು. ಬೈಗುಳ, ಅಸಮಾಧಾನ ಅದಕ್ಕಿಂತ ತುಸು ಕಡಿಮೆ. ಸುಮಾರು ಮುಕ್ಕಾಲು ಪಾಲು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಮಾಹಿತಿಯಷ್ಟೇ. ತಪ್ಪು ಕಂಡರೆ ಸರಿಯಾದುದನ್ನು ಮಾಡಿ ತೋರಿಸಿ, ಆಟಗಾರ ಮಾಡಿದ ತಪ್ಪನ್ನು ಮಾಡಿ ತೋರಿಸಿ, ಮತ್ತೆ ಸರಿಯಾದುದನ್ನು ತೋರಿಸುತ್ತಿದ್ದರು. ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಪಂದ್ಯದ ದಿನ ಕೈಯಲ್ಲೊಂದು ಸುರುಳಿ ಸುತ್ತಿದ ಕಾಗದ ಹಿಡಿದು ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ಪಂದ್ಯ ಆರಂಭವಾಗುವಷ್ಟರಲ್ಲಿ ತಮ್ಮ ಕೆಲಸ ಮುಗಿದಿರಬೇಕೆಂಬುದು ಅವರ ನಂಬಿಕೆ.

"ಧೈರ್ಯ ಇಲ್ಲ" ಎಂಬ ಮಾತಿನಲ್ಲಿ ಮಾಹಿತಿ ಎಷ್ಟಿದೆ? ಏನೂ ಇಲ್ಲ. "ಮೂಲೆ ಬಿಟ್ಟು ನಡುವೆ ತಗೋ" ಎಂಬುದರಲ್ಲಿ ಇದೆ. ನಮ್ಮ ಹುಡುಗಿಯ ತರಬೇತುದಾರರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರು ವಯಸ್ಸಿನಲ್ಲಿ ಚಿಕ್ಕವರು. ಅವರಿಗೂ ಅವರ ಗುರುಗಳು ಹೀಗೆಯೇ ಕಲಿಸಿದ್ದರು. ಮಾಸ್ತರರು ಹೋಗಿ ಮಾತನಾಡಿದಾಗ ಮೊದಲು ಮುಖ ಬಿಗಿದುಕೊಂಡರೂ ಮೊಬೈಲಿನ ಚಿತ್ರಣ ನೋಡಿ ಸುಮ್ಮನಾದರು. ಮೇಲೆ ಹೇಳಿದ ಅಭ್ಯಾಸಗಳೆಲ್ಲ ಅವರ ಅಂಗಳದಲ್ಲಿ, ಅವರ ಒಪ್ಪಿಗೆಯಿಂದಲೇ ನಡೆದವು.

ಇನ್ನು ಕಟ್ಟೆಯ ಮೇಲಿನವರ ವಿಷಯ. 1993ರ ಏಪ್ರಿಲ್ 5ರಂದು, ಅದೇ ನ್ಯೂ ಆರ್ಲಿಯನ್ಸ್ ಅಂಗಳದಲ್ಲಿ, ಎದುರಿಗೆ ಅದೇ ಡೀನ್ ಸ್ಮಿತ್ ಅವರ ತಂಡ. ಮಿಶಿಗನ್ನಿನ ಕ್ರಿಸ್ ವೆಬ್ಬರ್ ಎಂಬ ಇಪ್ಪತ್ತರ ಹುಡುಗ 73–71ರಿಂದ ಹಿಂದಿರುವಾಗ ಚೆಂಡನ್ನು ತಂದು ಮೂಲೆಗೆ ಸಿಕ್ಕಿಬಿದ್ದ. ಇಬ್ಬರು ಮುತ್ತಿದರು. 11 ಸೆಕೆಂಡು ಉಳಿದಿತ್ತು. ಅವನು ಟೈಮ್ ಔಟ್ ಕೇಳಿದ. ತಂಡದ ಬಳಿ ಟೈಮ್ ಔಟ್ ಉಳಿದಿರಲಿಲ್ಲ. ದಂಡನೆಯಾಗಿ ಪಂದ್ಯ 77–71ಕ್ಕೆ ಮುಗಿಯಿತು. ಬಹಳ ವರ್ಷ ಜನ ಅದನ್ನೇ ಹೇಳಿ ಚುಚ್ಚಿದರು. ಅದೇ ವೆಬ್ಬರ್ 2021ರಲ್ಲಿ ಬ್ಯಾಸ್ಕೆಟ್‌ಬಾಲಿನ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರರಾದರು. ನಮ್ಮಲ್ಲಿ ನಡೆಯುವ ಅಂತರರಾಷ್ಟ್ರೀಯ ನಿಯಮದ ಆಟದಲ್ಲಿ ಟೈಮ್ ಔಟ್ ಕೇಳುವ ಅಧಿಕಾರ ಆಟಗಾರರಿಗಿಲ್ಲ, ತರಬೇತುದಾರರಿಗೆ ಮಾತ್ರ. ಮೂಲೆಯಲ್ಲಿ ಸಿಕ್ಕ ಮಗುವಿನ ಕಷ್ಟವನ್ನು ನೋಡಿ ಸಕಾಲದಲ್ಲಿ ಕೈ ಎತ್ತುವ ಹೊಣೆ ಹಿರಿಯರ ಮೇಲಿದೆ ಎಂದಾಯಿತು. ನಮ್ಮ ಹುಡುಗಿಯ ಆ ಪಂದ್ಯದಲ್ಲಿ, ಚೆಂಡು ಸತತವಾಗಿ ಕೈತಪ್ಪುತ್ತಿದ್ದಾಗ, ಒಂದು ಟೈಮ್ ಔಟ್ ಕೂಡ ಕೇಳಿರಲಿಲ್ಲ.

ಹುಡುಗಿ ಐದು ತಿಂಗಳ ನಂತರ, ಒಂಬತ್ತನೆಯ ಇಯತ್ತೆಗೆ ಬಂದ ಮೇಲೆ, ತಾನಾಗಿಯೇ ಅಟ್ಟದ ಮೇಲಿನ ಬೂಟು ಇಳಿಸಿದಳು. ಯಾರೂ ಒತ್ತಾಯ ಮಾಡಲಿಲ್ಲ. ಮೂರು ಜನ ಗೆಳತಿಯರು ಮನೆಗೆ ಬಂದು, "ಚೆಂಡು ಒಯ್ಯಾಕ ಯಾರೂ ಇಲ್ಲ, ನಾವು ಈ ಸಲ ಬೆನ್ನ ತೋರಸೂದಿಲ್ಲ" ಎಂದು ಕರೆದದ್ದೇ ಹೆಚ್ಚು ಕೆಲಸ ಮಾಡಿತೆಂದು ನಮ್ಮ ಎಣಿಕೆ.

ಮುಂದಿನ ಪಂದ್ಯಕ್ಕೆ ಮೊದಲು ಮನೆಯಲ್ಲಿ ಒಂದು ಒಪ್ಪಂದವಾಯಿತು. ಕಟ್ಟೆಯ ಮೇಲೆ ಕುಳಿತವರಲ್ಲಿ ಯಾರೂ ಆಟದ ಸಲಹೆ ಕೂಗಬಾರದು. ನಮ್ಮ ತಾಯಿಯವರಿಗೆ ಮಾತ್ರ ವಿನಾಯಿತಿ, ಏಕೆಂದರೆ ಅವರು ಯಾವ ಬುಟ್ಟಿಗೆ ಚೆಂಡು ಬಿದ್ದರೂ ಚಪ್ಪಾಳೆ ತಟ್ಟುತ್ತಿದ್ದರು. ಎದುರಾಳಿಗಳು ಈ ಸಲವೂ ಪ್ರೆಸ್ ಹಾಕಿದರು. ಅಣ್ಣನವರು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದರು. ಹುಡುಗಿ ನಾಲ್ಕು ಸಲ ಚೆಂಡು ಕಳೆದಳು. ಪ್ರತಿ ಸಲವೂ ಕಟ್ಟೆಯ ಕಡೆಗಾಗಲಿ ಬೆಂಚಿನ ಕಡೆಗಾಗಲಿ ನೋಡದೆ ತಿರುಗಿ ತನ್ನ ಬುಟ್ಟಿ ಕಾಯಲು ಓಡಿದಳು. ತಂಡ ಮೂರು ಅಂಕಗಳಿಂದ ಸೋತಿತು.

ಮರಳುವಾಗ ಗಿರಮಿಟ್ಟು ತಿನ್ನಲು ಗಾಡಿ ನಿಲ್ಲಿಸಿದೆವು. ಮಿರ್ಚಿ ಬಿಸಿಯಾಗಿದ್ದವು. ಎದುರು ತಂಡದ ಆ ಎತ್ತರದ ಹುಡುಗಿ ಯಾವಾಗಲೂ ಎಡಗಡೆಗೇ ಬರುತ್ತಾಳೆಂದೂ, ಮುಂದಿನ ಸಲ ತಾನು ಮೊದಲೇ ಬಲಕ್ಕೆ ತಿರುಗುವುದಾಗಿಯೂ ಹುಡುಗಿ ಅಪ್ಪನಿಗೆ ಚಮಚದಿಂದ ಪ್ಲೇಟಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಆ ದಿನ ಮೂಲೆಗೆ ಸಿಕ್ಕದ್ದು ಎಂಬ ಸಾಲಿನಲ್ಲಿ ಒಂದೇ ಗೀಟು ಬಿದ್ದಿತ್ತು. ಬೂಟಿನ ತಳ ಸವೆದಿದೆ, ಹೊಸದು ಬೇಕು ಎಂಬ ಅರ್ಜಿಯೂ ಅಲ್ಲಿಯೇ ಸಲ್ಲಿಕೆಯಾಯಿತು.